ತೊಗಲಿನ ಒರೆಗೆ ಯಾವ ಪಾದ?

ಹೊಲಿಗೆ ಯಂತ್ರವಿಲ್ಲದ ಮನೆ ನಮ್ಮ ಸಮಾಜದಲ್ಲಿ ಈಗ ವಿರಳ. ಅದರ ಸೂಜಿ, ದಾರ, ಬಾಬಿನ್ನುಗಳ ವಿಷಯದಲ್ಲಿ ಗೃಹಿಣಿಯರು ನಮಗಿಂತ ಬಲ್ಲವರು. ಆದರೆ ಸೂಜಿಯ ಇಕ್ಕೆಲಗಳಲ್ಲಿ ನಿಂತು ಬಟ್ಟೆಯನ್ನು ಅದುಮಿ ಹಿಡಿಯುವ ಪುಟ್ಟ ಲೋಹದ ತುಂಡಿನ ಕಡೆಗೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ದರ್ಜಿಗಳು ಅದನ್ನು ಬರಿದೆ ‘ಫುಟ್’ ಎನ್ನುತ್ತಾರೆ. ಅಂಗಡಿಯಲ್ಲಿ ಪ್ರೆಸ್ಸರ್ ಫುಟ್ ಎಂದು ಕೇಳಬೇಕು. ಒತ್ತುಪಾದ ಎಂಬುದು ನಾವೇ ಇಟ್ಟುಕೊಂಡ ಹೆಸರು. ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿಯೇ ಇಂಥ ಪಾದವಿತ್ತು. ಸೂಜಿ ಮೇಲಕ್ಕೇಳುವಾಗ ಬಟ್ಟೆಯೂ ಅದರೊಡನೆ ಎದ್ದುಬಿಟ್ಟರೆ ಕೆಳಗಿನ ಶಟಲ್ಲಿಗೆ ದಾರದ ಕುಣಿಕೆ ಸಿಕ್ಕುವುದಿಲ್ಲ, ಹೊಲಿಗೆ ತಪ್ಪುತ್ತದೆ. ಅದನ್ನು ತಡೆಯುವುದೇ ಪಾದದ ಮುಖ್ಯ ಕೆಲಸ. ಸೀರೆಯ ಅಂಚಿಗೆ, ರವಿಕೆಯ ತೋಳಿಗೆ ಅಂಗಡಿಯವನು ಕೊಟ್ಟ ಪಾದವೇ ಸಾಕು. ಅಚ್ಚಿಗೆ ಹಾಕಿ ಉಬ್ಬಿಸಿದ ತೊಗಲನ್ನು ಹೊಲಿಯುವ ಪ್ರಸಂಗ ಬಂದಾಗ ಮಾತ್ರ ಇಡೀ ಕೆಲಸದ ಅಳಿವು ಉಳಿವು ಈ ತುಂಡಿನ ಮೇಲೆಯೇ ನಿಲ್ಲುತ್ತದೆ. ಮಠದಲ್ಲಿ ಸಂಸ್ಕೃತ, ಕನ್ನಡಗಳನ್ನು ಓದಿ, ಅದನ್ನೇ ಹೇಳಿಕೊಟ್ಟು ಕಾಲ ಕಳೆದ ನಮಗೆ ಈ ವಿಚಾರ ಹೇಗೆ ಗಂಟುಬಿತ್ತೆಂದು ಓದುಗ ಬಂಧುಗಳು ಕೇಳಬಹುದು.

ನ್ಯಾಮತಿಯಲ್ಲಿರುವ ನಮ್ಮ ಅಕ್ಕನ ಮಗಳನ್ನು ಚನ್ನಗಿರಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿತ್ತು. ಅಳಿಯ ಹೊನ್ನಾಳಿಯಲ್ಲಿ ಬೈಕು, ಟ್ರ್ಯಾಕ್ಟರುಗಳ ಸೀಟಿಗೆ ರೆಕ್ಸಿನ್ ಹೊದಿಕೆ ಹೊಲಿಯುವ ಅಂಗಡಿಯನ್ನಿಟ್ಟಿದ್ದ. ಎರಡು ವರ್ಷಗಳ ಹಿಂದೆ ಆತ ಲಿಂಗೈಕ್ಯನಾದ. ಉಳಿದದ್ದು ಶಾಲೆಗೆ ಹೋಗುವ ಎರಡು ಮಕ್ಕಳು, ಬಾಡಿಗೆಯ ಅಂಗಡಿ ಮತ್ತು ಒಂದು ಭಾರಿ ಯಂತ್ರ. ಗಂಡನ ಪಕ್ಕದಲ್ಲಿ ಕುಳಿತು ರೆಕ್ಸಿನ್ ಹೊಲಿಯುವುದನ್ನು ಆಕೆ ಕಲಿತಿದ್ದಳು. ಆದರೆ ಕಂಪನಿಗಳಲ್ಲೇ ಸಿದ್ಧವಾದ ಸೀಟು ಹೊದಿಕೆಗಳು ಪೇಟೆಗೆ ಬಂದುಬಿದ್ದ ಮೇಲೆ ಆ ಕಸುಬಿನಲ್ಲಿ ಹೊಟ್ಟೆ ತುಂಬುವುದು ಕಷ್ಟವಾಗಿತ್ತು.

ಆ ಹೊತ್ತಿಗೆ ಚನ್ನಗಿರಿಯ ಅಡಿಕೆ ತೋಟಗಳನ್ನು ಕೇಣಿ ಹಿಡಿಯುವವರೊಬ್ಬರು ಒಂದು ಕೆಲಸ ತಂದರು. ಅಡಿಕೆ ಗೊನೆ ಕೊಯ್ಯುವ ದೋಟಿಯ ತುದಿಗೆ ಬಾಗಿದ ಕತ್ತಿಯೊಂದಿರುತ್ತದೆಯಷ್ಟೆ. ಆಳುಗಳು ಬೈಕಿನ ಮೇಲೆ ಒಂದು ತೋಟದಿಂದ ಇನ್ನೊಂದಕ್ಕೆ ಅದನ್ನು ಹಳೆಯ ಚೀಲದ ಚೂರಿನಲ್ಲಿ ಸುತ್ತಿಕೊಂಡು ಓಡಾಡುತ್ತಾರೆ. ಹಾಗೆ ಹೋಗುವಾಗ ಒಬ್ಬ ಹುಡುಗನ ಭುಜ ಸೀಳಿತ್ತಂತೆ. ಕತ್ತಿಯ ಆಕಾರಕ್ಕೇ ಕೂಡುವ ತೊಗಲಿನ ಒರೆಗಳು ಅರವತ್ತು ಬೇಕು, ಕೊಯ್ಲು ಬಿರುಸಾಗುವುದರೊಳಗೆ ಕೊಡಬೇಕು ಎಂದು ಅವರ ಬೇಡಿಕೆ. ಆಕೆ ಒಪ್ಪಿಕೊಂಡು, ಮುಂಗಡದ ಹಣವನ್ನೆಲ್ಲ ತೊಗಲಿಗೆ ಹಾಕಿದಳು.

ಮೊದಲ ಅಡ್ಡಿ ಯಂತ್ರದಿಂದ ಬರಲಿಲ್ಲ, ಮನೆಯಿಂದ ಬಂತು. ಆಕೆಯ ಭಾವ, ಅಂದರೆ ಅಳಿಯನ ಅಣ್ಣ, ತೋಟವಂತರು, ಆಚಾರವಂತರು, ಆ ಮಕ್ಕಳ ಶಾಲೆಯ ಖರ್ಚನ್ನು ವಹಿಸಿಕೊಂಡವರು. ಅವರು ನಮ್ಮನ್ನು ಕರೆಸಿ, “ಮಾವನೋರೇ, ರೆಕ್ಸಿನ್ ಹೊಲೀಲಿ, ನಾನು ಬ್ಯಾಡ ಅನ್ನಂಗಿಲ್ಲ. ತೊಗಲು ಬ್ಯಾಡ. ಲಿಂಗ ಕಟ್ಟಿದ ಮೈ. ನಾಳೆ ಹೆಣ್ಣು ಕೊಡೋರು ತರೋರು ಕೇಳಿದ್ರೆ ಏನು ಹೇಳಾನ?” ಎಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ, ಅಂಜಿಕೆಯಿತ್ತು. ಅವರ ನಡುಮನೆಯ ಗೋಡೆಯ ಮೇಲೆ ಬಸವಣ್ಣನವರ ಚಿತ್ರದ ಪಕ್ಕದಲ್ಲಿಯೇ ಹರಳಯ್ಯ ಕಲ್ಯಾಣಮ್ಮನವರ ಚಿತ್ರವಿತ್ತು. ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಮಾಡಿದ ಪಾದರಕ್ಷೆಗಳನ್ನು ಹಿಡಿದು ನಿಂತ ಚಿತ್ರ. ನಾವು ಅದರ ಕಡೆಗೆ ಕೈ ತೋರಿಸಿ, “ಇವರನ್ನು ಯಾವಾಗ ಕೆಳಗಿಳಿಸುತ್ತೀರಿ?” ಎಂದೆವು. ಅವರು ಸುಮ್ಮನಾದರು. ಸುಮ್ಮನಾದದ್ದು ಒಪ್ಪಿಗೆಯೆಂದು ನಾವು ತಿಳಿಯಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂದು ಶರಣರ ಹೆಸರಿನ ಹಿಂದೆ ಕಾಯಕವನ್ನು ಸೇರಿಸಿ ಭಕ್ತಿಯಿಂದ ಉಚ್ಚರಿಸುವ ನಾವು, ಆ ಕಾಯಕದ ಒಂದು ತುಂಡು ತೊಗಲು ಹೊಸ್ತಿಲು ದಾಟಿದರೆ ತಲ್ಲಣಿಸುತ್ತೇವೆ. ಎಂಟುನೂರು ವರ್ಷಗಳ ಮೇಲೂ ಇದು ಹೀಗಿದೆ.

ಇತ್ತ ಅಂಗಡಿಯಲ್ಲಿ ಬೇರೆಯೇ ಗಂಡಾಂತರ. ಅರವತ್ತರಲ್ಲಿ ಮೊದಲ ಹನ್ನೆರಡು ಒರೆಗಳು ಕೆಟ್ಟುಹೋಗಿದ್ದವು.

ಎಲ್ಲ ತೊಗಲೂ ಅಚ್ಚಿಗೆ ಬಗ್ಗುವುದಿಲ್ಲ. ಕ್ರೋಮಿನ ಲವಣಗಳಿಂದ ಹದ ಮಾಡಿದ ತೊಗಲು ಮೆತ್ತಗೆ, ಬಾಳಿಕೆಗೆ ಒಳ್ಳೆಯದು. ಆದರೆ ನೆನೆಸಿ ಒತ್ತಿದ ಆಕಾರವನ್ನು ಒಣಗಿದ ಮೇಲೆ ಬಿಟ್ಟುಕೊಡುತ್ತದೆ. ತಂಗಡಿಯ ತೊಗಟೆ, ಅಳಲೆಕಾಯಿ ಮೊದಲಾದ ಗಿಡಮರಗಳ ಒಗರಿನಿಂದ ಹದ ಮಾಡಿದ್ದು ಮಾತ್ರ ಆಕಾರವನ್ನು ಹಿಡಿದು ನಿಲ್ಲುತ್ತದೆ. ತಮಿಳುನಾಡಿನ ಈರೋಡು, ದಿಂಡಿಗಲ್ಲುಗಳ ಕಡೆ ಇಂಥ ಹದಗಾರಿಕೆ ಇಂದಿಗೂ ಇದೆ. ಆಕೆ ತರಿಸಿದ್ದೂ ಆ ಕಡೆಯದೇ. ತೊಗಲನ್ನು ತಣ್ಣೀರಿನಲ್ಲಿ ಅದ್ದಿ, ಗುಳ್ಳೆಯೇಳುವುದು ನಿಂತ ಮೇಲೆ ತೆಗೆದು, ಮೇಲ್ಮೈಯ ಬಣ್ಣ ಮರಳಿ ತಿಳಿಯಾಗುತ್ತ ಬಂದಾಗ ಮರದ ಅಚ್ಚಿನ ಮೇಲೆ ಎಳೆದು, ಬೆರಳಿನಿಂದಲೂ ಮೂಳೆಯ ತುಂಡಿನಿಂದಲೂ ತೀಡಿ, ನೆರಳಿನಲ್ಲಿ ಒಣಗಿಸಬೇಕು. ಕುದಿನೀರು ಕೂಡದು; ತೊಗಲು ಮುರುಟಿ ಗಡಸಾಗಿ ಒಡೆಯುತ್ತದೆ. ಒರೆಗೆ ಮೂರು ಪದರ: ಹಿಂದೆ ಚಪ್ಪಟೆ ತೊಗಲು, ಮುಂದೆ ಉಬ್ಬಿದ ತೊಗಲು, ಅಲಗಿನ ಅಂಚಿನುದ್ದಕ್ಕೂ ನಡುವೆ ಒಂದು ಕಿರುಪಟ್ಟಿ. ಈ ಪಟ್ಟಿಯಿಲ್ಲದಿದ್ದರೆ ಕತ್ತಿಯನ್ನು ಒಳಗಿಡುವಾಗಲೆಲ್ಲ ಅಲಗು ಹೊಲಿಗೆಯ ದಾರವನ್ನೇ ಕೊಯ್ಯುತ್ತದೆ. ಮೂರೂ ಸೇರಿ ಸುಮಾರು 6 ಮಿಲಿಮೀಟರ್ ದಪ್ಪ. ಇಷ್ಟನ್ನು ಆಕೆ ಸರಿಯಾಗಿಯೇ ಮಾಡಿದ್ದಳು.

ಕೆಟ್ಟದ್ದು ಹೊಲಿಗೆಯಲ್ಲಿ. ಉಬ್ಬಿನ ಬುಡದಲ್ಲಿ ಸಾಗಬೇಕಾದ ಹೊಲಿಗೆ ಅಂಚಿನ ಕಡೆಗೆ ಸರಿದು ಸೊಟ್ಟಗಾಗಿತ್ತು. ಉಬ್ಬಿನ ಪಕ್ಕೆಯ ಮೇಲೆ ಇಲಿ ಕಡಿದಂಥ ಹಲ್ಲಿನ ಗುರುತುಗಳ ಸಾಲು. ಕೆಲವು ಒರೆಗಳ ಮೇಲೆ, ಪಾದ ನಿಂತಲ್ಲೆಲ್ಲ ಕಪ್ಪು ಕಲೆ.

ಕಪ್ಪು ಕಲೆಯ ಗುಟ್ಟನ್ನು ಮಾತ್ರ ನಾವು ನೋಡಿದೊಡನೆ ಬಲ್ಲೆವಾದೆವು. ಅದು ಹೊಲಿಗೆಯ ಜ್ಞಾನದಿಂದಲ್ಲ. ನಾವು ಮಠದಲ್ಲಿದ್ದಾಗ ವೃದ್ಧರೊಬ್ಬರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಶಾಯಿ ಮಾಡುವುದನ್ನು ತೋರಿಸಿಕೊಟ್ಟಿದ್ದರು. ಅನ್ನಭೇದಿಯೆಂದರೆ ಕಬ್ಬಿಣದ ಲವಣ. ಒಗರೂ ಕಬ್ಬಿಣವೂ ನೀರಿನಲ್ಲಿ ಕೂಡಿದರೆ ಕಪ್ಪಾಗಲೇಬೇಕು. ಒಗರಿನ ತೊಗಲು ಇನ್ನೂ ಹಸಿಯಿರುವಾಗ ಕಬ್ಬಿಣದ ಪಾದ ಅದರ ಮೇಲೆ ನಿಂತರೆ ಅಲ್ಲಿ ತಯಾರಾಗುವುದು ಅದೇ ಶಾಯಿ. ಅವಸರದಲ್ಲಿ ಅರೆ ಒಣಗಿದ ಒರೆಗಳನ್ನು ಯಂತ್ರಕ್ಕೆ ಕೊಟ್ಟದ್ದಾಗಿ ಆಕೆಯೂ ಹೇಳಿದಳು. ಒಂದು ರಾತ್ರಿ ಪೂರ್ತಿ ಒಣಗಿಸಿ ಹೊಲಿದರೆ ಕಲೆ ಬಾರದು. ಹಸಿ ಹೋದ ತೊಗಲಿನ ಮೇಲೆ ಹಲ್ಲಿನ ಗುರುತೂ ಅಷ್ಟು ಆಳಕ್ಕಿಳಿಯದು. ಉಳಿದ ಎರಡು ದೋಷಗಳಿಗೆ ನಮ್ಮ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಜಗಳೂರಿಗೆ ಹೊರಟೆವು.

ಇಲ್ಲೊಂದು ಮಾತು. 1997ರವರೆಗೆ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯವು, ಜಗಳೂರು ಚಿತ್ರದುರ್ಗದ್ದು. ನ್ಯಾಮತಿಯಂತೂ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು 2018ರಲ್ಲಿ. ಕಾಗದದ ಮೇಲೆ ಈ ನಾಲ್ಕೂ ಈಗ ದಾವಣಗೆರೆಯ ಮಕ್ಕಳು, ಆದರೆ ನೆಲ ಬೇರೆ ಬೇರೆ. ಭದ್ರೆಯ ನಾಲೆಯ ನೀರುಂಡ ಚನ್ನಗಿರಿಯ ತೋಟಗಳಿಂದ ಹೊರಟು, ತುಂಗಭದ್ರೆಯ ದಡದ ಹೊನ್ನಾಳಿಯನ್ನು ದಾಟಿ ಜಗಳೂರಿನ ಬಯಲಿಗೆ ಬಂದರೆ ಕಣ್ಣಿಗೆ ಹಸಿರು ಅಪರೂಪ. ಮೆಕ್ಕೆಜೋಳ, ಶೇಂಗಾ, ಕುರಿಮಂದೆ. ಕುರಿಯಿರುವಲ್ಲಿ ತೊಗಲಿನ ಕೆಲಸವೂ ಇರುತ್ತದೆ.

ನಾವು ಹುಡುಕಿಕೊಂಡು ಹೋದ ಸಮಗಾರ ಹಿರಿಯರಿಗೆ ಎಪ್ಪತ್ತು ದಾಟಿದೆ. ನಮ್ಮ ಬಾಲ್ಯದಲ್ಲಿ ಇಂಥವರನ್ನು, ತಲೆ ನರೆತಿದ್ದರೂ, ಊರಿನ ಹುಡುಗರೂ ಏಕವಚನದಲ್ಲಿ ಕೂಗುತ್ತಿದ್ದರು. ಅವರ ತಂದೆ ಕಪಿಲೆ ಬಾವಿಗಳಿಗೆ ತೊಗಲಿನ ಬಾನಿ ಹೊಲಿಯುತ್ತಿದ್ದರಂತೆ. ಯಂತ್ರವಿಲ್ಲ, ತೊಗಲಿನ ದಾರವೇ. ಇವರ ಬಳಿ ಇರುವುದು ಹಳೆಯ ಸಿಂಗರ್ 29ಕೆ. ಸ್ಕಾಟ್ಲೆಂಡಿನ ಕಿಲ್‌ಬೋವಿಯ ಕಾರ್ಖಾನೆಯದೆಂಬುದಕ್ಕೆ ಆ ‘ಕೆ’ ಅಕ್ಷರ. ಅದರ ಕೆಳತೋಳು ಉದ್ದವಾಗಿ, ಸಣ್ಣಗೆ, ಬೂಟಿನ ಒಳಗೂ ತೂರುವಂತಿದೆ. ವಿಶೇಷವೆಂದರೆ ಅದರಲ್ಲಿ ಕೆಳಗಿನ ಹಲ್ಲು ತೊಗಲನ್ನು ಎಳೆಯುವುದಿಲ್ಲ; ಒತ್ತುಪಾದವೇ ಹೆಜ್ಜೆ ಹಾಕುತ್ತ ಎಳೆಯುತ್ತದೆ, ಆ ಪಾದವನ್ನು ಸುತ್ತ ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು. ಅದರಲ್ಲಿಯೇ ಹೊಲಿದುಕೊಡಿರೆಂದು ಕೇಳೋಣವೆಂದುಕೊಂಡಿದ್ದೆವು. ಅವರು ಒರೆಯನ್ನು ಬೆರಳುಗಳ ನಡುವೆ ಹಿಚುಕಿ ನೋಡಿ, “ಇದು ಚಪ್ಪಲಿ ತೇಪೆ ಹಾಕೋ ಮಿಷಿನ್ನು, ಗುರುಗಳೇ. ಇಷ್ಟು ದಪ್ಪ ತಡಿಯಂಗಿಲ್ಲ, ಈ ದಾರಾನೂ ಹಿಡಿಯಂಗಿಲ್ಲ. ನಿಮ್ಮ ಮಗಳ ಮಿಷಿನ್ನೇ ಸರಿ. ಅದರ ಕಾಲು ಸರಿಯಿಲ್ಲ, ಅಷ್ಟೇ” ಎಂದರು. ಅವರೂ ಅದನ್ನು ಕಾಲು ಎಂದೇ ಕರೆದದ್ದು ನಮಗೆ ಸಂತೋಷ ಕೊಟ್ಟಿತು.

ಆಕೆಯ ಯಂತ್ರ ಸಮತಟ್ಟಾದ ಹಲಗೆಯದು, ಪಾದಗಳೆರಡು. ಸೂಜಿಯ ಸುತ್ತ ಒಳಪಾದ, ಅದರ ಎರಡೂ ಬದಿಗೆ ಕವಲಾಗಿ ಹೊರಪಾದ. ಒಳಪಾದವೂ ಸೂಜಿಯೂ ಕೆಳಗಿನ ಹಲ್ಲೂ ಒಟ್ಟಿಗೆ ಹಿಂದಕ್ಕೆ ಸರಿದು ಪದರಗಳನ್ನು ಒಯ್ಯುತ್ತವೆ. ಆಗ ಹೊರಪಾದ ಮೇಲೆದ್ದಿರುತ್ತದೆ. ಒಳಪಾದ ಎದ್ದು ಮುಂದಕ್ಕೆ ಬರುವಾಗ ಹೊರಪಾದ ಇಳಿದು ಅದುಮಿ ಹಿಡಿಯುತ್ತದೆ. ಹೀಗೆ ಎರಡೂ ಮನುಷ್ಯನ ನಡಿಗೆಯಂತೆ ಸರದಿಯಲ್ಲಿ ನಡೆಯುವುದರಿಂದ ದಪ್ಪ ಪದರಗಳು ಒಂದರ ಮೇಲೊಂದು ಜಾರುವುದಿಲ್ಲ. ರೆಕ್ಸಿನ್ನಿಗೆಂದು ಅಳಿಯ ಹಾಕಿದ್ದ ಪಾದಗಳ ಅಡಿಯಲ್ಲಿ ಹಲ್ಲುಗಳಿದ್ದವು. ರೆಕ್ಸಿನ್ನಿನ ಮೇಲೆ ಅವು ಕಾಣುವುದಿಲ್ಲ. ಒಗರಿನ ತೊಗಲು ಮಾತ್ರ ಉಗುರು ತಾಗಿದರೂ ನೆನಪಿಟ್ಟುಕೊಳ್ಳುವಂಥದು.

ಹಿರಿಯರು ಹೇಳಿದ ಮೊದಲನೆಯ ಮಾತು, ಒಳಗಿನದೂ ಹೊರಗಿನದೂ ಎರಡೂ ನುಣುಪು ಅಡಿಯವಾಗಿರಬೇಕು ಎಂದು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಅರ್ಧ ಗುರುತು ಉಳಿಯುತ್ತದೆ. ಎರಡನೆಯದು, ಹೊರಪಾದಕ್ಕೆ ಎರಡು ಕವಲು ಬೇಡ, ಒಂದೇ ಸಾಕು. ಹೊಲಿಗೆಯ ಸಾಲಿನ ಒಂದು ಬದಿಗೆ ಚಪ್ಪಟೆ ಅಂಚು, ಇನ್ನೊಂದು ಬದಿಗೆ ಉಬ್ಬು. ಉಬ್ಬಿನ ಕಡೆಯ ಕವಲು ಅದರ ಪಕ್ಕೆಯನ್ನೇರಿ, ಒರೆಯನ್ನೇ ಆಚೆಗೆ ತಳ್ಳುತ್ತದೆ. ಹೊಲಿಗೆ ಸೊಟ್ಟಗಾದದ್ದು ಅದಕ್ಕೆ. ಉಬ್ಬು ಸೂಜಿಯ ಎಡಕ್ಕಿದ್ದರೆ ಬಲಗವಲಿನ ಪಾದ, ಬಲಕ್ಕಿದ್ದರೆ ಎಡಗವಲಿನ ಪಾದ. ಎರಡನ್ನೂ ಕೊಳ್ಳಬೇಕೆ ಎಂದು ಆಕೆ ಕೇಳಿದಳು. “ಬಾಯಿಂದ ತುದಿಗೆ ಹೋಗಿ, ದಾರ ಕತ್ತರಿಸಿ, ಮತ್ತೆ ಆ ಕಡೆ ಬಾಯಿಂದ ತುದಿಗೆ ಬಂದ್ರೆ ಎರಡೂ ಬೇಕು ತಾಯಿ. ತುದೀಲಿ ಸೂಜಿ ಒಳಗಿಟ್ಟು, ಕಾಲೆತ್ತಿ, ಒರೆ ತಿರುಗಿಸಿ ಹಂಗೇ ಮೇಲಕ್ಕೆ ಬಾ. ಉಬ್ಬು ಯಾವಾಗಲೂ ಒಂದೇ ಕಡೆ ಇರ್ತದೆ” ಎಂದರು. ಅರ್ಧ ಖರ್ಚು ಅಲ್ಲಿಯೇ ಉಳಿಯಿತು.

ಮೂರನೆಯ ಮಾತು ನಮಗೆ ಎಲ್ಲಕ್ಕಿಂತ ಮಿಗಿಲಾದದ್ದೆನಿಸಿತು. ಹೊರಪಾದದ ಒಂದು ಕವಲನ್ನು ತೆಗೆದರೂ ಒಳಪಾದ ಸೂಜಿಯ ಸುತ್ತ ಇದ್ದೇ ಇರುತ್ತದೆ. ಅದರ ಅರ್ಧ ಅಗಲಕ್ಕಿಂತ ಹತ್ತಿರಕ್ಕೆ ಸೂಜಿ ಉಬ್ಬಿನ ಬುಡವನ್ನು ಸೇರಲಾರದು. ಆದ್ದರಿಂದ ಮರದ ಅಚ್ಚನ್ನು ಕೆತ್ತುವ ಮೊದಲೇ ಒಳಪಾದವನ್ನು ಕೈಯಲ್ಲಿ ಹಿಡಿದು ಅಳೆಯಬೇಕು. ಕತ್ತಿಯ ಅಳತೆ, ತೊಗಲಿನ ದಪ್ಪ, ಅರ್ಧ ಪಾದ, ಅದರಾಚೆ ಅಂಚು, ಈ ಕ್ರಮದಲ್ಲಿ ಗೆರೆ ಎಳೆಯಬೇಕು. ಪಾದವನ್ನು ಕೊನೆಯಲ್ಲಿ ಆರಿಸುವುದಲ್ಲ, ಒರೆಯ ಅಳತೆ ಪಾದದಿಂದಲೇ ಆರಂಭವಾಗುತ್ತದೆ. ಅಗಲವಾದ ಒಳಪಾದವಿದ್ದರೆ ಒರೆ ಸಡಿಲವಾಗಿ ಕತ್ತಿ ಜಾರುತ್ತದೆ. ಕಿರಿದಾದಷ್ಟೂ ಹೊಲಿಗೆ ಕತ್ತಿಗೆ ಹತ್ತಿರ. ಕೆಳಗಿನ ಹಲ್ಲಿನ ಗುರುತು ಬೆನ್ನಿನ ತೊಗಲಿನ ಮೇಲೆ ಸ್ವಲ್ಪ ಬಿದ್ದೇ ಬೀಳುತ್ತದೆ. ಚಪ್ಪಟೆ ಬೆನ್ನು ಕೆಳಗೆ, ಉಬ್ಬು ಮೇಲೆ ಇಟ್ಟು ಹೊಲಿದು, ಆ ಗುರುತನ್ನು ಒದ್ದೆ ಬಟ್ಟೆಯಿಂದ ಒರಸಿ ಮೂಳೆಯಿಂದ ತಿಕ್ಕಿದರೆ ಬಹುಪಾಲು ಮಾಯವಾಗುತ್ತದೆ ಎಂದು ಅವರೇ ತಿಕ್ಕಿ ತೋರಿಸಿದರು.

ಕಾಣಿಕೆಯೆಂದು ಆಕೆ ಕೊಟ್ಟದ್ದನ್ನು ಅವರು ತೆಗೆದುಕೊಳ್ಳಲಿಲ್ಲ. ನಮಗೆ ಚಹಾ ತರಿಸಿದರು. ತರಿಸುವ ಮುನ್ನ, ನಾವು ಕುಡಿಯುವೆವೋ ಇಲ್ಲವೋ ಎಂದು ಒಂದು ಕ್ಷಣ ನಮ್ಮ ಮುಖವನ್ನು ನೋಡಿದರು. ಕುಡಿದೆವು.

ದಾವಣಗೆರೆಯ ಅಂಗಡಿಯೊಂದರಲ್ಲಿ ನುಣುಪು ಅಡಿಯ ಕಿರಿದಾದ ಒಳಪಾದ ಸಿಕ್ಕಿತು. ಒಂದೇ ಕವಲಿನ ಹೊರಪಾದ ಸಿಕ್ಕಲಿಲ್ಲ. ತರಿಸಿಕೊಡಲು ತಿಂಗಳಾಗುವುದೆಂದರು. ಎರಡು ಕವಲಿನ ನುಣುಪು ಪಾದವೊಂದನ್ನೇ ಕೊಂಡು, ಹೊನ್ನಾಳಿಯ ಲೇತ್ ಅಂಗಡಿಯಲ್ಲಿ ಎಡಗವಲನ್ನು ಉಜ್ಜಿಸಿ ತೆಗೆಸಿ, ಉಳಿದ ಕವಲಿನ ಮೂಲೆಗಳನ್ನು ದುಂಡಗೆ ಮಾಡಿಸಿ, ಸಣ್ಣ ಉಪ್ಪುಕಾಗದದಿಂದ ಕನ್ನಡಿಯಂತೆ ತಿಕ್ಕಿದ್ದಾಯಿತು. ಹೀಗೆ ಮಾಡಿಸುವವರಿಗೆ ಒಂದು ಎಚ್ಚರಿಕೆ: ಹೊಸ ಪಾದಗಳನ್ನು ಕೂಡಿಸಿದೊಡನೆ ಮೋಟಾರು ಹಾಕಬಾರದು. ಗಾಲಿಯನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಸೂಜಿ ಒಳಪಾದದ ತೂತಿನ ನಡುವೆಯೇ ಇಳಿಯುವುದೇ, ಎರಡು ಪಾದಗಳೂ ಒಂದಕ್ಕೊಂದು ತಾಗದೆ ನಡೆಯುವವೇ ಎಂದು ನೋಡಬೇಕು. ತಾಗಿದರೆ ಸೂಜಿ ಮುರಿದು ಕಣ್ಣಿಗೆ ಸಿಡಿಯಬಹುದು. ತೊಗಲಿಗೆ ಬಟ್ಟೆಯ ಸೂಜಿ ಸಲ್ಲದು; ತುದಿ ಕತ್ತಿಯಂತೆ ಕೊಯ್ಯುವ ಬೇರೆ ಸೂಜಿಗಳಿವೆ. 138 ನಂಬರಿನ ನೈಲಾನ್ ದಾರಕ್ಕೆ 22 ಅಥವಾ 23 ನಂಬರಿನ ಸೂಜಿ ಹೊಂದುತ್ತದೆ. ಅಂಗುಲಕ್ಕೆ ಆರೇಳು ಹೊಲಿಗೆ ಸಾಕು. ಗಟ್ಟಿಯಾಗಲೆಂದು ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯಂತೆ ತೂತಿನ ಸಾಲಿನಲ್ಲಿಯೇ ಹರಿಯುತ್ತದೆ.

ಪಾದದ ಒತ್ತಡದ ತಿರುಪನ್ನು ಹೊಂದಿಸುವುದಕ್ಕೆ ಆಕೆಗೆ ಒಂದಿಡೀ ದಿನ ಹಿಡಿಯಿತು. ಹೆಚ್ಚಾದರೆ ನುಣುಪು ಪಾದವೂ ಅಚ್ಚೊತ್ತುತ್ತದೆ. ಕಡಿಮೆಯಾದರೆ ತೊಗಲು ಸೂಜಿಯೊಡನೆ ಮೇಲೆದ್ದು ಹೊಲಿಗೆ ತಪ್ಪುತ್ತದೆ. ಕೆಟ್ಟ ಹನ್ನೆರಡು ಒರೆಗಳು ಈ ಪರೀಕ್ಷೆಗೆ ಉಪಯೋಗಕ್ಕೆ ಬಂದವು. ಒತ್ತಡವನ್ನು ಪೂರ್ತಿ ಸಡಿಲಿಸಿ, ಹೊಲಿಗೆ ತಪ್ಪುವುದು ನಿಲ್ಲುವವರೆಗೆ ಕಾಲು ಸುತ್ತಿನಂತೆ ಬಿಗಿಮಾಡುತ್ತ ಬಂದು, ಅಲ್ಲಿಗೆ ನಿಲ್ಲಿಸಿದಳು.

ಮನೆಯ ಯಂತ್ರದಲ್ಲಿ ಕನ್ನಡಕದ ಚೀಲದಂಥ ತೆಳುವಾದದ್ದನ್ನು ಹೊಲಿಯಬಯಸುವ ಸಹೋದರಿಯರಿಗೆ ಇಷ್ಟೆಲ್ಲ ಬೇಡ. ಅದಕ್ಕೆ ಒಂದು ಬದಿಯ ಜಿಪ್ ಫುಟ್ ಇದೆ. ಉಬ್ಬಿನಿಂದ ದೂರ ಸರಿಸಿ ಹಾಕಿಕೊಂಡರೆ ಒಂಟಿಗವಲಿನ ಪಾದದ ಕೆಲಸವನ್ನೇ ಮಾಡುತ್ತದೆ. ಉರುಳುವ ಗಾಲಿಯ ಪಾದ ತಿರುವುಗಳಲ್ಲಿ ಸಲೀಸು. ಟೆಫ್ಲಾನ್ ಪಾದ ಅಂಟುವ ತೊಗಲಿನ ಮೇಲೂ ಜಾರುತ್ತದೆ, ಗುರುತು ಮಾಡುವುದಿಲ್ಲ, ಆದರೆ ಬೇಗ ಸವೆಯುತ್ತದೆ. ಎರಡು ಪದರ ಸೇರಿ ಮೂರು ಮಿಲಿಮೀಟರ್ ಮೀರಿದರೆ ಮನೆಯ ಯಂತ್ರವನ್ನು ಹಿಂಸಿಸಬಾರದೆಂಬುದು ನಮ್ಮ ಅಭಿಪ್ರಾಯ.

ಉಳಿದಿದ್ದ ತೊಗಲಿನಲ್ಲಿ ನಲವತ್ತೆಂಟು ಒರೆಗಳಾದವು. ಕೇಣಿಯವರು ಒಂದೊಂದನ್ನೂ ಕತ್ತಿ ಹಾಕಿ, ತಲೆಕೆಳಗು ಮಾಡಿ, ಕೊಡವಿ ನೋಡಿಯೇ ಹಣ ಕೊಟ್ಟರು. ಮಿಕ್ಕ ಹನ್ನೆರಡನ್ನು ಮುಂದಿನ ತಿಂಗಳು ಕೊಡುವ ಕರಾರಾಯಿತು. ಜಗಳೂರಿನ ಕಡೆಯಿಂದ ಉಣ್ಣೆ ಕತ್ತರಿಗೆ ಒರೆ ಬೇಕೆಂದು ಕುರಿಗಾಹಿಗಳಿಬ್ಬರು ಬಂದು ಅಳತೆ ಕೊಟ್ಟುಹೋಗಿದ್ದಾರೆ. ಕಳಿಸಿದವರು ಆ ಹಿರಿಯರೇ.

ಆಕೆಯ ಭಾವನವರು ಈಗ ಬೇಡವೆನ್ನುವುದಿಲ್ಲ, ಹೂಂ ಎನ್ನುವುದೂ ಇಲ್ಲ. ತೊಗಲು ಹಳ್ಳಿಯ ಮನೆಗೆ ಬರಬಾರದು, ಅಂಗಡಿಯಲ್ಲಿಯೇ ಇರಬೇಕು ಎಂದು ಹೇಳಿಕಳಿಸಿದ್ದಾರೆ. ಹಬ್ಬಕ್ಕೆ ಊರಿಗೆ ಹೋಗುವಾಗ ಆಕೆ ಸ್ನಾನ ಮಾಡಿ, ಸೀರೆ ಬದಲಿಸಿ ಹೋಗುತ್ತಾಳೆ. ಹರಳಯ್ಯನವರ ಚಿತ್ರ ಅಲ್ಲಿಯೇ ಇದೆ. ಮಕ್ಕಳ ಶಾಲೆಯ ಶುಲ್ಕವನ್ನು ಈ ವರ್ಷ ಆಕೆಯೇ ಕಟ್ಟಿದಳು; ಅವರು ಅದನ್ನು ಬೇಡವೆನ್ನಲಿಲ್ಲ.

ಈಗ ಅವಳ ಮುಂದಿರುವುದು ಗೌಂಡಿಗಳ ಅಳತೆಪಟ್ಟಿಯ ಡಬ್ಬಿಗೆ ತೊಗಲಿನ ಗೂಡು. ಅದು ಎರಡೂ ಬದಿಗೆ ಉಬ್ಬಿರುವುದರಿಂದ ಸಮತಟ್ಟಾದ ಹಲಗೆಯ ಮೇಲೆ ಕೂರುವುದೇ ಇಲ್ಲ, ಯಾವ ಪಾದ ಹಾಕಿದರೂ ಅಷ್ಟೆ. ಅದಕ್ಕೆ ದುಂಡು ತೋಳಿನ ಯಂತ್ರ ಬೇಕು, ಇಲ್ಲವೆ ದಬ್ಬಳದಿಂದ ತೂತು ಹಾಕಿ, ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಎದುರುಬದಿರಾಗಿ ಕೈಯಲ್ಲಿ ಹೊಲಿಯಬೇಕು. ಸದ್ಯಕ್ಕೆ ದಿನಕ್ಕೆ ಮೂರು ಗೂಡುಗಳನ್ನು ಕೈಯಲ್ಲಿಯೇ ಹೊಲಿಯುತ್ತಿದ್ದಾಳೆ.